ಆ್ಯಪ್‌ನಲ್ಲಿ ಕೊಸರು ಸಿಗಲ್ಲ

ಪ್ರಶ್ನೆ: ನನಗೆ 25 ವರ್ಷ. ಹಾವೇರಿ ಜಿಲ್ಲೆಯ ಬ್ಯಾಡಗಿ ಹತ್ತಿರದ ಹಳ್ಳಿಯವಳು. ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಹೂಡಿಯಲ್ಲಿ ಪಿಜಿ, ವೈಟ್‌ಫೀಲ್ಡ್ ಕಡೆ ಆಫೀಸು. ಕೆಲಸ ಚೆನ್ನಾಗಿದೆ, ಸಂಬಳವೂ ಪರವಾಗಿಲ್ಲ. ಆದರೆ ಈ ಊರು ನನ್ನದು ಅಂತ ಒಂದು ದಿನವೂ ಅನಿಸಿಲ್ಲ. ರೀಲ್ಸ್‌ನಲ್ಲಿ ಬರುವ ಕೆಫೆ, ಪಾರ್ಕು, ದೋಸೆ ಹೋಟೆಲು ಎಲ್ಲ ಒಂದೊಂದಾಗಿ ನೋಡಿ ಬಂದೆ. ಫೋಟೋ ಸಿಕ್ಕಿತು, ಖುಷಿ ಸಿಗಲಿಲ್ಲ. ಒಮ್ಮೆ ಅಂಗಡಿಯಲ್ಲಿ ಮಂಡಕ್ಕಿ ಕೇಳಿದ್ದಕ್ಕೆ ಜೊತೆಯವರು ನಕ್ಕರು. ಅಲ್ಲಿಂದ ಮಾತೂ ಕಡಿಮೆಯಾಗಿದೆ. ತಿಂಗಳಲ್ಲಿ ಮೂರು ಸಲ ಶುಕ್ರವಾರ ರಾತ್ರಿ ರೈಲು ಹತ್ತಿ ಊರಿಗೆ ಹೋಗುತ್ತೇನೆ. ಎಲ್ಲರೂ ಹೇಳುವ ‘ಬೆಂಗಳೂರಿನ ಸಣ್ಣ ಸಣ್ಣ ಖುಷಿಗಳು’ ನನಗೆ ಮಾತ್ರ ಯಾಕೆ ಸಿಗುತ್ತಿಲ್ಲ? ನನ್ನಲ್ಲೇ ಏನಾದರೂ ತೊಂದರೆ ಇದೆಯಾ?

ಆಪ್ತಸಮಾಲೋಚಕಿಯ ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಮಂಡಕ್ಕಿಯ ಮೇಲೆ. 1994ರಲ್ಲಿ ನಾನು ಸಾಗರದ ಕಡೆಯಿಂದ ಇಲ್ಲಿಗೆ ಓದಲು ಬಂದೆ. ಹಾಸ್ಟೆಲಿನ ಮೊದಲ ಸಂಜೆ ರೂಮಿನವರಿಗೆ ‘ಆಸ್ರಿಗೆ ಬೇಕಾ?’ ಎಂದು ಕೇಳಿದೆ. ಕುಡಿಯೋಕೆ ಏನಾದರೂ ಬೇಕಾ ಅಂತ. ಮುಂದಿನ ಮೂರು ತಿಂಗಳು ನನ್ನ ಹೆಸರೇ ಆಸ್ರಿಗೆ. ಹಾಗಾಗಿ ನಿಮ್ಮಲ್ಲಿ ಏನೋ ತೊಂದರೆ ಇದೆ ಅನ್ನುವ ಮಾತನ್ನು ಇಲ್ಲಿಗೇ ಬಿಟ್ಟುಬಿಡೋಣ. ನೀವು ಊರು ನೋಡುತ್ತಿರುವ ಕ್ರಮದ ಬಗ್ಗೆ ಮಾತ್ರ ನನಗೆ ತಕರಾರಿದೆ. ಎಂಟು ತಿಂಗಳಲ್ಲಿ ಇಪ್ಪತ್ತೋ ಮೂವತ್ತೋ ಜಾಗ ನೋಡಿರಬೇಕು. ಎಲ್ಲಕ್ಕೂ ಒಂದೊಂದೇ ಸಲ. ನೆಂಟರು ಊರು ನೋಡುವುದು ಹೀಗೆ.

ನಿಮ್ಮ ಅಮ್ಮ ಸಂತೆಯಲ್ಲಿ ಸೊಪ್ಪು ಕೊಳ್ಳುವುದನ್ನು ನೆನಪು ಮಾಡಿಕೊಳ್ಳಿ. ಚೌಕಾಸಿ ಮುಗಿದು, ದುಡ್ಡು ಕೊಟ್ಟಾದ ಮೇಲೆ, ಸೊಪ್ಪಿನವಳು ಒಂದು ಹಿಡಿ ಕೊತ್ತಂಬರಿ ಕಿತ್ತು ಚೀಲಕ್ಕೆ ಎಸೆಯುತ್ತಾಳೆ. ಕೊಸರು. ಅದು ಲೆಕ್ಕಕ್ಕಿಲ್ಲ. ಕೇಳಿದರೂ ಕೊಡುತ್ತಾರೆ, ಕೇಳದೆ ಸಿಕ್ಕಿದರೆ ರುಚಿ ಜಾಸ್ತಿ. ಆದರೆ ಮೊದಲ ದಿನ ಬಂದವರ ಚೀಲಕ್ಕೆ ಅದು ಬೀಳುವುದು ಕಡಿಮೆ. ಈ ಮುಖ ಮುಂದಿನ ವಾರವೂ ಬರುತ್ತದೆ ಅಂತ ಅವಳಿಗೆ ಖಾತ್ರಿಯಾಗಬೇಕು. ದೊಡ್ಡ ಊರಿನ ಸಣ್ಣ ಖುಷಿ ಅಂತ ಜನ ಹೇಳುವುದೆಲ್ಲ ಹೆಚ್ಚುಕಡಿಮೆ ಇದೇ ಜಾತಿಯದು. ಲಿಸ್ಟ್ ಹಿಡಿದು ಹುಡುಕಿದರೆ ಸಿಗಲ್ಲ. ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಬೇಜಾರು ಬರುವಷ್ಟು ಸಲ ಹೋದರೆ ಒಂದು ದಿನ ಅದಾಗಿಯೇ ಚೀಲಕ್ಕೆ ಬೀಳುತ್ತದೆ.

ನನಗೆ ಮೊದಲ ಕೊಸರು ಸಿಕ್ಕಿದ್ದು ಬಸ್ಸಿನಲ್ಲಿ. ಆಗ ಬಿಟಿಎಸ್ ಅನ್ನುತ್ತಿದ್ದರು, ಬಿಎಂಟಿಸಿ ಆಗಿದ್ದು 1997ರಲ್ಲಿ. ಜಯನಗರದಿಂದ ಬೆಳಗ್ಗೆ ಎಂಟು ಹತ್ತರ ಬಸ್ಸು ಹಿಡಿಯುತ್ತಿದ್ದೆ. ಒಂದು ದಿನ ಹತ್ತರ ನೋಟು ಕೊಟ್ಟೆ. ಕಂಡಕ್ಟರ್ ಹತ್ತಿರ ಚಿಲ್ಲರೆ ಇರಲಿಲ್ಲ. ಟಿಕೆಟಿನ ಹಿಂದೆ 7 ಅಂತ ಗೀಚಿ, ಅದರ ಸುತ್ತ ಒಂದು ಸೊನ್ನೆ ಸುತ್ತಿ ಕೊಟ್ಟರು. ಇಳಿಯುವ ಗಡಿಬಿಡಿಯಲ್ಲಿ ಇಸಿದುಕೊಳ್ಳಲು ಮರೆತೆ. ಆ ಕಾಲಕ್ಕೆ ಏಳು ರೂಪಾಯಿ ಅಂದರೆ ನನಗೆ ಸಂಜೆಯ ತಿಂಡಿ. ರಾತ್ರಿಯೆಲ್ಲ ಅದನ್ನೇ ನೆನೆದು ಕೊರಗಿದೆ. ಮಾರನೇ ದಿನ ಫುಟ್‌ಬೋರ್ಡ್ ದಾಟಿ ಒಳಗೆ ಬಂದಿದ್ದೇ ತಡ, ಆತ ಬೇರೆಯವರಿಗೆ ಟಿಕೆಟ್ ಹರಿಯುತ್ತಲೇ, ನನ್ನ ಕಡೆ ಸರಿಯಾಗಿ ನೋಡದೆ ಏಳು ರೂಪಾಯಿ ಕೈಗಿಟ್ಟರು. ‘ನಿನ್ನೆ ಓಡಿ ಹೋದ್ರಲ್ಲಮ್ಮ’ ಅಂದರು. ಅಷ್ಟೇ. ಹಳೇ ಟಿಕೆಟ್ಟನ್ನು ಬೆವರಿದ ಕೈಯಲ್ಲಿ ಮಡಚಿ ಹಿಡಿದಿದ್ದೆ, ತೋರಿಸುವ ಪ್ರಸಂಗವೇ ಬರಲಿಲ್ಲ. ಲಾಲ್‌ಬಾಗ್, ವಿಧಾನಸೌಧ ಎಲ್ಲ ಆಗಲೇ ನೋಡಿ ಮುಗಿದಿತ್ತು. ಆದರೆ ಬೆಂಗಳೂರಿಗೆ ಬಂದೆ ಅಂತ ಅನಿಸಿದ್ದು ಅವತ್ತು.

ಇದಕ್ಕೊಂದು ಶಾಸ್ತ್ರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್ಗ್ರಾಂ 1972ರಲ್ಲಿ ‘ಪರಿಚಿತ ಅಪರಿಚಿತರು’ ಅನ್ನುವ ಬಗ್ಗೆ ಬರೆದರು. ಅವರ ವಿದ್ಯಾರ್ಥಿಗಳು ಬೆಳಗಿನ ರೈಲಿಗೆ ಕಾಯುತ್ತಿದ್ದವರ ಫೋಟೋ ತೆಗೆದರು. ಆಮೇಲೆ ಅದೇ ಪ್ರಯಾಣಿಕರಿಗೆ ಅದನ್ನು ಕೊಟ್ಟು ಯಾರ್‍ಯಾರು ಗೊತ್ತು ಎಂದು ಕೇಳಿದರು. ಒಂದು ಮಾತನ್ನೂ ಆಡದಿದ್ದ ಕೆಲವು ಮುಖಗಳನ್ನು ಹೆಚ್ಚಿನವರು ಗುರುತಿಸಿದರು. ಮಿಲ್ಗ್ರಾಂ ಇನ್ನೊಂದು ಮಾತು ಹೇಳುತ್ತಾರೆ. ಇಂಥ ಇಬ್ಬರು ತಮ್ಮ ಮಾಮೂಲಿ ಜಾಗದಲ್ಲಿ ಮಾತಾಡುವುದು ಕಷ್ಟ, ದೂರದ ಊರಲ್ಲಿ ಎದುರಾದರೆ ಸುಲಭ. ಓದಿದಾಗ ನನಗೆ ನಗು ಬಂತು. ಅದೇ ಎಂಟು ಹತ್ತರ ಬಸ್ಸಿನಲ್ಲಿ ಹಸಿರು ಊಟದ ಡಬ್ಬಿ ಹಿಡಿದು ಬರುವ ಒಬ್ಬ ಹೆಂಗಸು ಇದ್ದರು. ಎರಡು ವರ್ಷ ದಿನಾ ನೋಡಿದ್ದೆ, ಒಂದು ನಗು ಕೂಡ ಇರಲಿಲ್ಲ. ಒಮ್ಮೆ ಧರ್ಮಸ್ಥಳದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೇನೆ, ಮುಂದೆ ಅವರು! ಇಬ್ಬರೂ ‘ಅಯ್ಯೋ ನೀವಾ!’ ಅಂತ ಕೈ ಹಿಡಿದುಕೊಂಡೆವು. ನನ್ನ ಅಪ್ಪ ಯಾರೋ ಹತ್ತಿರದ ನೆಂಟರು ಅಂದುಕೊಂಡರು. ಹೆಸರು ಕೇಳಿದಾಗ ನಾನು ತಬ್ಬಿಬ್ಬು.

ಅವರ ಹೆಸರು ಆಮೇಲೂ ನನಗೆ ನೆನಪಿನಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿ ನಗುವುದಂತೂ ಶುರುವಾಯಿತು.

ಈಗ ನಿಮ್ಮ ದಿನ ನೋಡೋಣ. ಊಟ ಪಿಜಿಯದು, ಬೇಜಾರಾದರೆ ಆ್ಯಪ್‌ನದು. ಸೋಪು, ಬಿಸ್ಕತ್ತು, ಹಣ್ಣು ಹತ್ತು ನಿಮಿಷದಲ್ಲಿ ಗೇಟಿಗೆ ಬರುತ್ತದೆ. ಕ್ಯಾಬಿನವರಿಗೆ ಒಟಿಪಿ ಹೇಳಿದರೆ ಮಾತು ಮುಗಿಯಿತು. ಬೆಳಗಿಂದ ರಾತ್ರಿ ತನಕ ಯಾರಿಗೂ ನಿಮ್ಮ ಮುಖ ನೆನಪಿಟ್ಟುಕೊಳ್ಳುವ ಕಾರಣವೇ ಇಲ್ಲ. ಕೆನಡಾದಲ್ಲಿ ಜಿಲಿಯನ್ ಸ್ಯಾಂಡ್‌ಸ್ಟ್ರಮ್ ಮತ್ತು ಎಲಿಜಬೆತ್ ಡನ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದ್ದರು, 2014ರಲ್ಲಿ ಪ್ರಕಟವಾಯಿತು. ಕಾಫಿ ಅಂಗಡಿಗೆ ಹೋಗುವವರಲ್ಲಿ ಕೆಲವರಿಗೆ ಕೌಂಟರಿನವರ ಮುಖ ನೋಡಿ ನಗಿ, ಒಂದೆರಡು ಮಾತಾಡಿ ಅಂದರು. ಉಳಿದವರಿಗೆ ಬೇಗ ಕೆಲಸ ಮುಗಿಸಿ ಬನ್ನಿ ಅಂದರು. ಮಾತಾಡಿಸಿ ಬಂದವರ ಮನಸ್ಸು ಹೆಚ್ಚು ಹಗುರವಾಗಿತ್ತು, ನಾವೂ ಈ ಜಾಗಕ್ಕೆ ಸೇರಿದವರು ಅನ್ನುವ ಭಾವನೆಯೂ ಅವರಲ್ಲಿ ಜಾಸ್ತಿ ಇತ್ತು. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ ‘ಇದಕ್ಕೂ ಪರೀಕ್ಷೆ ಮಾಡಬೇಕಿತ್ತಾ’ ಅನ್ನುತ್ತಿದ್ದಳು. ಆದರೆ ಫೋನಿನಲ್ಲೇ ಸಂತೆ ಮುಗಿಸುವ ಕಾಲದಲ್ಲಿ ಪರೀಕ್ಷೆ ಮಾಡಿ ಹೇಳುವವರೂ ಬೇಕಲ್ಲ.

ಆ್ಯಪ್ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ನಾನೇ ಬಿಟ್ಟಿಲ್ಲ. ಒಂದೇ ಒಂದು ಸಾಮಾನನ್ನು ಅದರಿಂದ ಹೊರಗೆ ತೆಗೆಯಿರಿ. ನನ್ನ ಮಟ್ಟಿಗೆ ಅದು ಕಾಫಿಪುಡಿ. ಹದಿನೈದು ದಿನಕ್ಕೊಮ್ಮೆ ಅದೇ ಅಂಗಡಿಗೆ ಹೋಗುತ್ತೇನೆ. ಶುರುವಿನಲ್ಲಿ ‘ಕಾಲು ಕೆಜಿ ಕಾಫಿಪುಡಿ’ ಅಂದಿದ್ದೆ. ‘ಯಾವುದು?’ ಅಂದರು. ಹೆಂಗಸರು ಗಂಡಸರು ಎಲ್ಲ ನನ್ನ ಹಿಂದೆ ನಿಂತು ಪೀಬರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಇಷ್ಟು ಅಂತ ಮಂತ್ರದ ಹಾಗೆ ಹೇಳುತ್ತಿದ್ದರು. ನನಗೆ ನಾಚಿಕೆಯಾಗಿ ಪಕ್ಕದವರು ಹೇಳಿದ್ದನ್ನೇ ಹೇಳಿ ತಂದೆ. ಚಿಕೋರಿ ಜಾಸ್ತಿಯಾಗಿ ಕಾಫಿ ಗಟ್ಟಿ ಕಹಿ ಕಷಾಯ. ಮುಂದಿನ ಸಲ ಕಡಿಮೆ ಮಾಡಿಸಿದೆ, ನೀರು ನೀರಾಯಿತು. ಹೀಗೆ ಕಲಿಯುತ್ತ ಕಲಿಯುತ್ತ ಒಂದು ವರ್ಷದ ಹೊತ್ತಿಗೆ ನನ್ನ ಅಳತೆ ಗೊತ್ತಾಯಿತು. ನೂರಕ್ಕೆ ಹದಿನೈದು ಚಿಕೋರಿ. ಈಗ ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಅಂಗಡಿಯವರು ಬೀಜ ತೂಗಲು ಶುರು ಮಾಡುತ್ತಾರೆ. ಮಿಷನ್ನಿನಿಂದ ಇಳಿದ ಪುಡಿಯ ಪೊಟ್ಟಣ ಬಿಸಿ ಇರುತ್ತದೆ. ಚಳಿಗಾಲದಲ್ಲಿ ಅದನ್ನು ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದು ಬರುತ್ತೇನೆ. ಪಕ್ಕದ ಸೀಟಿನವರು ಬಸ್ಸು ಇಳಿಯುವ ತನಕ ಮೂಗು ಅರಳಿಸಿಕೊಂಡು ಕೂತಿರುತ್ತಾರೆ.

ನಿಮ್ಮ ಕಡೆಯವರಿಗೆ ಚಹಾನೇ ಇಷ್ಟವಿರಬಹುದು. ಆಗ ಚಹಾ ಅಂಗಡಿ ಹಿಡಿಯಿರಿ. ಅಥವಾ ಹೂವು, ಅಥವಾ ಭಾನುವಾರದ ಪೇಪರ್. ವಸ್ತು ಯಾವುದಾದರೂ ಆಗಲಿ, ಅಂಗಡಿ ಒಂದೇ ಇರಲಿ, ಹೊತ್ತೂ ಅದೇ ಇರಲಿ. ಇಡೀ ಬೆಂಗಳೂರು ಬೇಡವೇ ಬೇಡ. ಪಿಜಿಯಿಂದ ಹತ್ತು ನಿಮಿಷ ನಡೆದರೆ ಸಿಗುವಷ್ಟು ಸಾಕು. ಅಸಲಿ ಬೆಂಗಳೂರು ಬಸವನಗುಡಿ, ಮಲ್ಲೇಶ್ವರದಲ್ಲಿದೆ, ಹೂಡಿಯಲ್ಲಿ ಏನಿದೆ ಅಂತ ನಿಮಗೆ ಯಾರಾದರೂ ಹೇಳಿರುತ್ತಾರೆ. ಆ ಎರಡೂ 1898ರ ಪ್ಲೇಗಿನ ಆಸುಪಾಸಿನಲ್ಲಿ ಹೊಸದಾಗಿ ಬೆಳೆದ ಬಡಾವಣೆಗಳು. ನಿಮ್ಮ ಸುತ್ತಲಿನ ಹೂಡಿ, ಕುಂದಲಹಳ್ಳಿ, ವರ್ತೂರು ಹಳೇ ಹಳ್ಳಿಗಳು. ಅಪಾರ್ಟ್‌ಮೆಂಟಿನ ಹಿಂದಿನ ಬೀದಿಗೆ ಹೋಗಿ ನೋಡಿ. ಜಗಲಿ ಇರುವ ಮನೆ, ಹಸು ಕಟ್ಟಿದ ಕೊಟ್ಟಿಗೆ, ದೇವಸ್ಥಾನದ ಎದುರಿನ ಅರಳಿಕಟ್ಟೆ ಈಗಲೂ ಅಲ್ಲಲ್ಲಿ ಕಾಣುತ್ತವೆ. ಆ ಬೀದಿಯಲ್ಲಿ ನಿಮ್ಮ ಮಾತಿಗೆ ಯಾರೂ ನಗಲ್ಲ.

ಮಾತಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮಗೆ ನಿಜವಾಗಿ ನೋವಾಗಿರುವುದು ಅಲ್ಲೇ ಅಂತ ನನ್ನ ಅಂದಾಜು. ನೀವು ಮಂಡಕ್ಕಿ ಅಂದಿರಿ. ಇಲ್ಲಿಯವರು ಪುರಿ, ಕಡ್ಲೆಪುರಿ ಅನ್ನುತ್ತಾರೆ. ಧಾರವಾಡದ ಕಡೆ ಅದೇ ಚುರಮುರಿ. ಬೆಂಗಳೂರಿನಲ್ಲಿ ಚುರುಮುರಿ ಅಂದರೆ ಅದಕ್ಕೆ ಈರುಳ್ಳಿ, ತುರಿದ ಕ್ಯಾರೆಟ್, ಖಾರ, ಎಣ್ಣೆ ಹಾಕಿ ಕಲಸಿ ಕಾಗದದ ಪೊಟ್ಟಣದಲ್ಲಿ ಕೊಡುವ ತಿಂಡಿ. ಒಂದು ಉಬ್ಬಿದ ಅಕ್ಕಿಗೆ ಇಷ್ಟು ಹೆಸರು. ಇದರಲ್ಲಿ ತಪ್ಪು ಯಾರದು ಹೇಳಿ? ಮಾತು ಬದಲಾಯಿಸಿಕೊಂಡರೆ ಹೊಂದಿಕೊಳ್ಳುತ್ತೇವೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಾನು ಹಾಗೇ ಮಾಡಿದೆ, ಆಸ್ರಿಗೆ ಬಿಟ್ಟೆ. ಈಗ ಅದಕ್ಕೆ ಬೇಜಾರಿದೆ. ಊರಿಗೆ ಹೋದಾಗ ಆ ಶಬ್ದ ನನ್ನ ಬಾಯಲ್ಲಿ ನಾಟಕದ ಮಾತಿನ ಹಾಗೆ ಕೇಳುತ್ತದೆ.

ನೀವು ಬ್ಯಾಡಗಿಯವರು. ಅದೆಷ್ಟು ದೊಡ್ಡ ಸಂಗತಿ ಅಂತ ನಿಮಗೆ ಗೊತ್ತಿಲ್ಲವೇನೋ. ಬೆಂಗಳೂರಿನ ಯಾವ ದಿನಸಿ ಅಂಗಡಿಗೆ ಹೋದರೂ ನಿಮ್ಮ ಊರಿನ ಹೆಸರು ಒಣಮೆಣಸಿನಕಾಯಿ ಮೂಟೆಯ ಮೇಲಿರುತ್ತದೆ. ಸಾರಿನಪುಡಿಗೆ ಬಣ್ಣ ಬೇಕೆಂದರೆ ಇಲ್ಲಿಯ ಹೆಂಗಸರು ‘ಬ್ಯಾಡಗಿ ಕೊಡಿ’ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ದೋಸೆಗೆ ಸವರುವ ಕೆಂಪು ಚಟ್ನಿಗೂ ಅದೇ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಸಿಪ್ಪೆ ಸುಕ್ಕು ಸುಕ್ಕು ಅನ್ನುವಷ್ಟು ನನಗೂ ಗೊತ್ತು. ಆದರೆ ಅದರಲ್ಲೇ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು, ಮೂಟೆಯಲ್ಲಿ ಬೇರೆ ಕಾಯಿ ಎಷ್ಟು ಬೆರೆಸಿದ್ದಾರೆ ಅಂತ ಕೈಗೆ ತಗೊಂಡು ಹೇಳುವುದು ನಿಮ್ಮಂಥವರಿಗೆ ಮಾತ್ರ ಸಾಧ್ಯ. ಮೂವತ್ತು ವರ್ಷದಿಂದ ಕೊಳ್ಳುತ್ತಿದ್ದೇನೆ, ನನಗೆ ಇನ್ನೂ ಬರಲ್ಲ. ಒಂದು ದಿನ ಆಫೀಸಿನಿಂದ ಬರುವಾಗ ಹೂಡಿಯ ದಿನಸಿ ಅಂಗಡಿಗೆ ಹೋಗಿ. ಮೂಟೆಯಿಂದ ಒಂದು ಮೆಣಸಿನಕಾಯಿ ತೆಗೆದು ಮುರಿಯಿರಿ, ಮೂಸಿ ನೋಡಿ. ಅಂಗಡಿಯವರ ಮುಖ ನೋಡಿ ‘ಇದು ಬ್ಯಾಡಗಿ ಅಲ್ರೀ’ ಅಂತ ನಿಮ್ಮ ಮಾತಿನಲ್ಲೇ ಹೇಳಿ. ಜಗಳವಾಗಲ್ಲ, ಹೆದರಬೇಡಿ. ‘ಯಾವೂರು ನಿಮ್ಮದು?’ ಅಂತ ಕೇಳುತ್ತಾರೆ. ಮುಂದಿನ ತಿಂಗಳು ನಿಮ್ಮ ಪಿಜಿಯ ಅಡುಗೆಯವರೂ ನಿಮ್ಮನ್ನೇ ಕರೆದುಕೊಂಡು ಹೋಗುತ್ತಾರೆ, ನೋಡುತ್ತಿರಿ.

ಮರಗಳ ಬಗ್ಗೆಯೂ ಒಂದು ಮಾತು. ನೀವು ಬಂದ ಹೊಸತರಲ್ಲಿ ಕುಂದಲಹಳ್ಳಿ ಕಡೆ ಎಲೆಯೇ ಇಲ್ಲದೆ ಗುಲಾಬಿ ಬಣ್ಣದ ಹೂ ತುಂಬಿಕೊಂಡ ಮರಗಳನ್ನು ನೋಡಿರಬಹುದು. ಅದು ತಬೂಬಿಯಾ. ಜನವರಿ ಕೊನೆಯಿಂದ ಮಾರ್ಚ್ ತನಕ ಬಿಡುತ್ತದೆ. ಅದು ಉದುರುವಷ್ಟರಲ್ಲಿ ಜಕರಂದ, ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್. ಒಂದರ ಹಿಂದೆ ಒಂದು ಹೂ ಬಿಡುವ ಹಾಗೆ ಮರ ನೆಡಿಸುವ ಯೋಚನೆ ಜರ್ಮನಿಯಿಂದ ಬಂದ ತೋಟಗಾರ ಕ್ರುಂಬಿಗಲ್ ಅವರದು. 1980ರ ದಶಕದಲ್ಲಿ ಊರಿಗೆ ಲಕ್ಷಗಟ್ಟಲೆ ಸಸಿ ನೆಡಿಸಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. ಅಡ್ಡಹೆಸರು ಕೇಳಿದರೇ ಗೊತ್ತಾಗುತ್ತದಲ್ಲ, ಯಾವ ಕಡೆಯದು ಅಂತ. ಮೊದಲ ವರ್ಷ ಹೂ ಸುಮ್ನೆ ಕಣ್ಣಿಗೆ ಬೀಳುತ್ತದೆ. ಎರಡನೇ ವರ್ಷ ಇನ್ನೂ ಯಾಕೆ ಬಿಟ್ಟಿಲ್ಲ ಅಂತ ಕತ್ತು ಎತ್ತಿ ನೋಡುತ್ತೀರಿ. ಅವರೆಕಾಯಿಯೂ ಹಾಗೆಯೇ. ಡಿಸೆಂಬರ್ ಬಂದರೆ ಸೊಗಡಿನ ವಾಸನೆ ಮಾರ್ಕೆಟ್ಟಿನ ತುಂಬ. ಮೊದಲ ಸಲ ಮೂಗು ಮುಚ್ಚಿಕೊಂಡವರೇ ಮುಂದಿನ ವರ್ಷ ಹಿತಕಿದ ಬೇಳೆ ಸಾರಿಗೆ ದಾರಿ ಕಾಯುತ್ತಾರೆ.

ಇನ್ನು ಶುಕ್ರವಾರದ ರೈಲು. ಊರಿಗೆ ಹೋಗಬೇಡಿ ಅನ್ನಲು ನಾನು ಯಾರು. ಆದರೆ ಲೆಕ್ಕ ನೋಡಿ. ತಿಂಗಳಿಗೆ ಮೂರು ವಾರಾಂತ್ಯ ಊರಿನದು, ಉಳಿದ ಒಂದು ರೀಲ್ಸ್‌ನ ಕೆಫೆಗೆ. ಅಮೆರಿಕದ ಜೆಫ್ರಿ ಹಾಲ್ ಎಂಬ ಸಂಶೋಧಕರು ಸ್ನೇಹಕ್ಕೆ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಬರೀ ಪರಿಚಯ ಸ್ನೇಹದ ಕಡೆ ತಿರುಗಲು ಸುಮಾರು 50 ಗಂಟೆ, ಆಪ್ತ ಸ್ನೇಹಕ್ಕೆ 200 ಗಂಟೆಗೂ ಮೇಲೆ. ಇಷ್ಟು ಕರಾರುವಾಕ್ಕಾದ ಲೆಕ್ಕದ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ, ಗಂಟೆಗಳು ಬೇಕು ಅನ್ನುವುದಂತೂ ನಿಜ. ಆಫೀಸಿನ ಗಂಟೆ ಇದಕ್ಕೆ ಜಾಸ್ತಿ ಬರಲ್ಲ ಅಂತಲೂ ಅವರು ಹೇಳುತ್ತಾರೆ. ಮೂರು ಸಲ ಹೋಗುವುದನ್ನು ಎರಡಕ್ಕೆ ಇಳಿಸಿ ನೋಡಿ. ಉಳಿದುಕೊಂಡ ಭಾನುವಾರ ಎಲ್ಲಿಗೂ ಹೋಗಬೇಡಿ. ಬಟ್ಟೆ ಒಗೆದು, ತಲೆಗೆ ಎಣ್ಣೆ ಹಚ್ಚಿ, ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಅದೇ ಚಹಾ ಅಂಗಡಿಗೆ ಹೋಗಿ ಬನ್ನಿ. ಊರಲ್ಲಿ ಭಾನುವಾರ ಮಾಡುವುದೂ ಇದನ್ನೇ ಅಲ್ವಾ? ಯಾರ ಜೊತೆಗೂ ಮಾತು ಬೇಡ, ಆದರೆ ಒಬ್ಬಳೇ ಇರುವುದೂ ಬೇಡ ಅನಿಸುವ ದಿನಗಳಿರುತ್ತವೆ. ಅಂಥ ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. ಚಾಪೆ ಹಾಸಿಕೊಂಡು ಸುಮ್ನೆ ಪುಸ್ತಕ ಓದುವ ಗುಂಪು ಅಲ್ಲಿ ಸೇರುತ್ತದೆ. ಹೂಡಿಯಿಂದ ಮೆಟ್ರೋದ ನೇರಳೆ ಮಾರ್ಗದಲ್ಲಿ ನೇರ ಹೋಗಬಹುದು.

ಮೆಟ್ರೋ ಅಂದಾಗ ನೆನಪಾಯಿತು. ಶುಕ್ರವಾರ ರಾತ್ರಿ ಬ್ಯಾಗು ಹೊತ್ತು ಹೂಡಿಯಲ್ಲಿ ಮೆಟ್ರೋ ಹತ್ತಿ ರೈಲು ನಿಲ್ದಾಣಕ್ಕೆ ಹೋಗುತ್ತೀರಿ ಅಂದುಕೊಳ್ಳುತ್ತೇನೆ. ಆರು ಬೋಗಿಯಲ್ಲಿ ಯಾವ ಬೋಗಿ, ಯಾವ ಬಾಗಿಲು ಹಿಡಿದರೆ ಇಳಿದ ಕೂಡಲೇ ಮೆಟ್ಟಿಲು ಎದುರಿಗೆ ಸಿಗುತ್ತದೆ? ನನಗೆ ಗೊತ್ತಿಲ್ಲ. ನಿಮಗೆ ಖಂಡಿತ ಗೊತ್ತಿರುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ಕಾಲು ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ನಿಮ್ಮದು ಏನೂ ಇಲ್ಲ ಅಂದಿರಲ್ಲ, ಅದೊಂದಿದೆ. ಬಿಟ್ಟು ಹೋಗಲೆಂದೇ ಕಲಿತದ್ದು ಅನ್ನುವುದು ಬೇರೆ ಮಾತು.

ಒಂದು ಎಚ್ಚರಿಕೆ. ಊರಿನ ನೆನಪು ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕೂ ಜಾಸ್ತಿ ನಿದ್ದೆ, ಹಸಿವು ಕೆಟ್ಟಿದ್ದರೆ, ಊರಿಗೆ ಹೋದಾಗಲೂ ಮನಸ್ಸು ಏಳದಿದ್ದರೆ, ಚಹಾ ಅಂಗಡಿ ನಂಬಿಕೊಂಡು ಕೂರಬೇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರ ಓದಿದರೆ ಹಾಗೇನೂ ಕಾಣಿಸುತ್ತಿಲ್ಲ, ಆದರೂ ನಂಬರ್ ಇಟ್ಟುಕೊಳ್ಳಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ರಾಶಿ ರಾಶಿ ಕಡಲೆಕಾಯಿ, ಹಸಿಯದು, ಹುರಿದದ್ದು, ಬೇಯಿಸಿದ್ದು. ಕೋಲಾರ, ಚಿಂತಾಮಣಿ ಕಡೆಯಿಂದೆಲ್ಲ ರೈತರು ಬಂದು ರಸ್ತೆ ಬದಿಯಲ್ಲೇ ಮಲಗಿ ಮಾರುತ್ತಾರೆ. ಈ ಸಲ ಆ ವಾರ ಊರಿಗೆ ಹೋಗಬೇಡಿ. ಒಂದು ಸುತ್ತು ಸುಮ್ನೆ ನಡೆದು, ಬೆಲೆ ಕೇಳಿ ಬನ್ನಿ. ಎರಡನೇ ಸುತ್ತಿನಲ್ಲಿ ಮೊದಲು ಮಾತಾಡಿಸಿದವರ ಹತ್ತಿರವೇ ಹೋಗಿ. ಕಡಲೆಕಾಯಿ ಅನ್ನಬೇಡಿ, ಶೇಂಗಾ ಅನ್ನಿ, ಅವರಿಗೆ ತಿಳಿಯುತ್ತದೆ. ಸೇರಿನಲ್ಲಿ ಅಳೆದು ಹಾಕುತ್ತಾರೆ. ಹಾಕಿದ ಮೇಲೆ ಚೀಲದ ಬಾಯಿ ಮುಚ್ಚಲು ಅವಸರ ಮಾಡಬೇಡಿ.